ಗಾದಿ ಹೋದ ಮೇಲೆ

ಚುನಾವಣೆಯ ಫಲಿತಾಂಶ ಬಂದ ಮರುದಿನ ನಮ್ಮ ಕಡೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಮಧುಗಿರಿಯ ಬಸ್ ಸ್ಟಾಂಡಿರಲಿ, ಶಿರಾದ ಸಂತೆಯಿರಲಿ, ಕೊರಟಗೆರೆಯ ಹೂವಿನಂಗಡಿಯಿರಲಿ, ಪಾವಗಡದಲ್ಲಿ ಕಡಲೆಕಾಯಿ ಬಿಡಿಸುತ್ತ ಕುಳಿತ ಹೆಂಗಸರ ಗುಂಪಿರಲಿ, ಮಾತು ಒಂದೇ: "ಇದ್ದಷ್ಟು ದಿನ ಎಷ್ಟು ಮಾಡ್ಕೊಂಡ್ನಂತೆ?" ಕೇಳುವುದು ಗೆದ್ದವನ ಬಗ್ಗೆ ಅಲ್ಲ, ಸೋತು ಮನೆಗೆ ಹೋದವನ ಬಗ್ಗೆ. ಅವನು ಏನೂ ಮಾಡಿಕೊಂಡಿಲ್ಲವೆಂದು ಗೊತ್ತಾದರೆ ನಾವು ಹೇಳುವುದೇನು? "ಪಾಪ, ಏನೂ ಮಾಡ್ಕೊಳ್ಳಲಿಲ್ಲ." ಈ 'ಪಾಪ' ಎಂಬ ಮಾತು ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದೆ. ಕೈ ಶುದ್ಧವಾಗಿಟ್ಟುಕೊಂಡವನಿಗೆ ನಾವು ಮರುಗುತ್ತೇವೆ, ಬಾಚಿಕೊಂಡವನನ್ನು ಜಾಣನೆನ್ನುತ್ತೇವೆ!

ಈ ನಾಲ್ಕು ತಾಲ್ಲೂಕುಗಳಲ್ಲೇ ನನ್ನ ನೌಕರಿಯ ಮೂವತ್ತು ವರ್ಷಗಳು ಸವೆದಿವೆ. ಸಮಾಜ ಪಾಠ ಮಾಡುವಾಗ ಮಕ್ಕಳಿಗೆ ಮಧುಗಿರಿಯ ಬೆಟ್ಟವನ್ನು ತೋರಿಸಿ ಒಂದು ಕಥೆ ಹೇಳುತ್ತೇನೆ. ಅದು ಕಟ್ಟುಕಥೆಯಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಸೆರೆ ಹಿಡಿದು ಇಟ್ಟದ್ದು ಈ ಬೆಟ್ಟದ ಕೋಟೆಯಲ್ಲೇ. ಮಲೆನಾಡಿನ ಮಳೆ, ಅಡಿಕೆತೋಟ, ತುಂಬಿದ ಬೊಕ್ಕಸ ಕಂಡವಳು ಈ ಬೋಳು ಬಂಡೆಯ ಮೇಲೆ ನಾಲ್ಕು ವರ್ಷ ಕಳೆದಳು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಶಿರಾ, ಮಧುಗಿರಿಗಳನ್ನು ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು. ಆದರೆ ಪುಣೆ ಸೇರಲಿಲ್ಲ. ದಾರಿಯಲ್ಲೇ ತೀರಿಕೊಂಡಳು. ತಲೆಮಾರುಗಳಿಂದ ಬಿದನೂರಿನಲ್ಲಿ ಕೂಡಿಟ್ಟ ಸಂಪತ್ತು ಅವಳ ಕಷ್ಟಕಾಲಕ್ಕೆ ಆಗಲಿಲ್ಲ, ಅವಳನ್ನು ಸೆರೆಗೆ ತಳ್ಳಿದವನ ಏಳಿಗೆಗೆ ಮೆಟ್ಟಿಲಾಯಿತು. ಅದಾದರೂ ಎಷ್ಟು ದಿನ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಹೈದರನ ಮೊಮ್ಮಕ್ಕಳು ವೆಲ್ಲೂರಿನ ಕೋಟೆ ಸೇರಿದರು. "ಹಾಗಾದರೆ ಆ ದುಡ್ಡು ಕೊನೆಗೆ ಯಾರದಾಯ್ತು ಮಿಸ್?" ಎಂದು ಒಬ್ಬ ಹುಡುಗಿ ಒಮ್ಮೆ ಕೇಳಿದಳು. ನನ್ನ ಬಳಿ ಒಂದೇ ಮಾತಿನ ಉತ್ತರವಿರಲಿಲ್ಲ.

ಹಳೆಯ ಕಾಲದ ಮಾತು ಬಿಡಿ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿ, ತಮಿಳುನಾಡನ್ನಾಳಿದ ಜಯಲಲಿತಾ 1996ರ ಚುನಾವಣೆಯಲ್ಲಿ ಅಧಿಕಾರವನ್ನೂ ತಮ್ಮ ಬರಗೂರು ಕ್ಷೇತ್ರವನ್ನೂ ಕಳೆದುಕೊಂಡರು. ಆ ವರ್ಷದ ಕೊನೆಯಲ್ಲಿ ಅವರ ಮನೆಯ ಶೋಧನೆಯಾದಾಗ ಪತ್ರಿಕೆಗಳಲ್ಲಿ ಬಂದ ಲೆಕ್ಕ ನೆನಪಿದೆಯೇ? ಹತ್ತು ಸಾವಿರಕ್ಕೂ ಮೀರಿದ ಸೀರೆಗಳು, 750 ಜೊತೆ ಚಪ್ಪಲಿ, ಕಿಲೋಗಟ್ಟಲೆ ಚಿನ್ನ. ದಿನಕ್ಕೊಂದು ಸೀರೆ ಉಟ್ಟರೂ ಹತ್ತು ಸಾವಿರ ಸೀರೆಗೆ ಇಪ್ಪತ್ತೇಳು ವರ್ಷ ಬೇಕು! ಸೋತ ಮೇಲೂ ಅವರು ಮತ್ತೆ ಮತ್ತೆ ಗೆದ್ದು ಬಂದರು, ಆದರೆ ಆ ಲೆಕ್ಕ ಬೆನ್ನು ಬಿಡಲಿಲ್ಲ. ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರಲ್ಲಿ ಶಿಕ್ಷೆ ವಿಧಿಸಿತು, 2015ರಲ್ಲಿ ಹೈಕೋರ್ಟು ಖುಲಾಸೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಉಳಿದ ಆರೋಪಿಗಳ ಶಿಕ್ಷೆಯನ್ನು ಎತ್ತಿಹಿಡಿಯುವ ವೇಳೆಗೆ ಅವರು ಬದುಕಿರಲಿಲ್ಲ. ಒಡವೆಗಳು ಬೆಂಗಳೂರಿನಿಂದ ತಮಿಳುನಾಡು ಸರ್ಕಾರದ ಕೈ ಸೇರಿದ್ದು 2025ರ ಫೆಬ್ರವರಿಯಲ್ಲಿ. ಅಷ್ಟು ವರ್ಷ ಆ ಚಿನ್ನ ಯಾವ ಕೊರಳನ್ನೂ ಕಾಣಲಿಲ್ಲ.

ಇದಕ್ಕೆ ಎದುರಾಗಿ, ಶಿರಾ ದಾಟಿದರೆ ಸಿಗುವ ಚಿತ್ರದುರ್ಗದ ನಿಜಲಿಂಗಪ್ಪನವರನ್ನು ನೆನೆಯಿರಿ. ಎರಡು ಬಾರಿ ಮುಖ್ಯಮಂತ್ರಿಯಾದವರು, ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾದವರು. 1969ರಲ್ಲಿ ಪಕ್ಷ ಒಡೆದ ಮೇಲೆ ಅಧಿಕಾರ ಮತ್ತೆ ಅವರ ಹತ್ತಿರ ಸುಳಿಯಲಿಲ್ಲ. ಆಮೇಲೆಯೂ ಮೂವತ್ತು ವರ್ಷ ಬದುಕಿದ್ದರು. ಚಿತ್ರದುರ್ಗದ ತಮ್ಮ ಮನೆಯಲ್ಲಿ ಸರಳವಾಗಿ ಬಾಳಿ, 2000ದ ಆಗಸ್ಟಿನಲ್ಲಿ, 97ರ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅವರಿಗೆ 'ಪಾಪ' ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ದೊಡ್ಡವರೇ ಏಕೆ? ಪಾವಗಡದ ಕಡೆಯ ಒಂದು ಊರಿನಲ್ಲಿ ನಾನಿದ್ದಾಗ ಮೀಸಲಾತಿಯಿಂದ ಒಬ್ಬ ಹೆಣ್ಣುಮಗಳು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದಳು. ಮುಂದಿನ ಸಲ ನಿಂತು ಸೋತಳು. ಮರುವಾರವೇ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತಿದ್ದಳು. ಆ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನನ್ನ ತರಗತಿಯ ಎಷ್ಟೋ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿದ್ದವು. ಅವಳು ತಾಲ್ಲೂಕು ಕಚೇರಿಗೆ ಅಲೆದು ಅಲೆದು ಶುದ್ಧ ನೀರಿನ ಘಟಕ ತರಿಸಿದ್ದಳು. "ಅಲ್ಲಕ್ಕಾ, ಐದು ವರ್ಷ ಕೂತು ನೀನೇನು ಮಾಡ್ಕೊಂಡೆ?" ಎಂದು ಊರಿನವರು ಕೇಳಿದರೆ, "ಸರದೀಲಿ ಬಿಂದಿಗೆ ಇಟ್ಟಿದೀನಲ್ಲ, ಕಾಣಾಕಿಲ್ವಾ?" ಎನ್ನುತ್ತಿದ್ದಳು. ತಾನು ತರಿಸಿದ ನೀರಿಗೆ ತಾನೂ ದುಡ್ಡು ಕೊಟ್ಟು, ಸರದಿಯಲ್ಲೇ ನಿಲ್ಲುತ್ತಿದ್ದಳು.

ಹಣವೇ ಬೇಡವೆಂದು ನಾನು ಹೇಳುತ್ತಿಲ್ಲ. ಮುಪ್ಪಿನ ಭಯ ಸುಳ್ಳಲ್ಲ. 2006ರ ಏಪ್ರಿಲ್ ನಂತರ ನೌಕರಿಗೆ ಸೇರಿದ ನಮ್ಮ ಕಿರಿಯರಿಗೆ ಹಳೆಯ ಪಿಂಚಣಿ ತಪ್ಪಿತು, ಅವರು ನಾಳೆಗೆ ಕೂಡಿಡದೆ ವಿಧಿಯಿಲ್ಲ. ನಾಳೆಗೆಂದು ಇಡುವುದು ಬೇರೆ, ಎಷ್ಟು ನಾಳೆಗಳೆಂದು ಲೆಕ್ಕವೇ ಇಲ್ಲದೆ ಇಡುವುದು ಬೇರೆ. ನನಗೂ ನಿವೃತ್ತಿಗೆ ಎರಡೇ ವರ್ಷ. ಬಂದ ನೆಂಟರೆಲ್ಲ "ತುಮಕೂರಲ್ಲಿ ಸೈಟು ಮಾಡಿದೀರಾ?" ಎನ್ನುತ್ತಾರೆ. ಮಗನೂ ಸಾಲ ತೆಗೆದಾದರೂ ಕೊಳ್ಳೋಣವೆಂದು ಹಟ ಹಿಡಿದಿದ್ದಾನೆ. "ಇರುವ ಮನೆಗೆ ಸುಣ್ಣ ಹೊಡೆಸು, ಅಷ್ಟು ಸಾಕಪ್ಪ" ಎಂದೆ. ಎರಡು ದಿನ ಅವನು ಸರಿಯಾಗಿ ಮಾತನಾಡಲಿಲ್ಲ. ನಾನು ಮಾತು ಬದಲಿಸಲಿಲ್ಲ.

ರಾಜಕಾರಣಿಗಳ ದುರಾಸೆಯನ್ನು ಬಯ್ಯುವುದು ಸುಲಭ. ಆದರೆ "ಎಷ್ಟು ಮಾಡ್ಕೊಂಡ್ರಿ?" ಎಂಬ ಪ್ರಶ್ನೆ ಅವರ ಕಿವಿಗೆ ಮೊದಲು ಬೀಳುವುದು ನಮ್ಮಂಥ ಮನೆಗಳಲ್ಲೇ, ಅಡುಗೆಮನೆಯಲ್ಲಿ, ಮದುವೆ ಚಪ್ಪರದಲ್ಲಿ. ಮುಂದಿನ ಸಲ ಯಾರಾದರೂ ಸೋತು ಬರಿಗೈಯಲ್ಲಿ ಊರಿಗೆ ಬಂದರೆ, ಆ 'ಪಾಪ'ವನ್ನು ನುಂಗಿಕೊಂಡು, "ಬನ್ನಿ, ಕಾಫಿ ಕುಡಿದು ಹೋಗಿ" ಎನ್ನೋಣ.