ಏಳು ಮನೆಗಳ ಊರು

ಇಂಡೊನೇಷ್ಯದ ನಕಾಶೆ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಬಾಲಿ. ಮಕ್ಕಳೇ, ಅಲ್ಲಿಂದ ನಿಮ್ಮ ಬೆರಳನ್ನು ಪೂರ್ವಕ್ಕೆ ಜಾರಿಸಿಕೊಂಡು ಹೋಗಿ. ಲೊಂಬೊಕ್ ಸಿಗುತ್ತದೆ, ಸುಂಬಾವಾ ಸಿಗುತ್ತದೆ, ನಮ್ಮ ಉಡದ ದೈತ್ಯ ನೆಂಟ ವಾಸಿಸುವ ಕೊಮೊಡೊ ಸಿಗುತ್ತದೆ. ಅದನ್ನು ದಾಟಿದರೆ ಉದ್ದಕ್ಕೆ ಮಲಗಿದ ಫ್ಲೋರೆಸ್ ದ್ವೀಪ. ಪೋರ್ಚುಗೀಸರು ಇಟ್ಟ ಆ ಹೆಸರಿಗೆ ಹೂಗಳು ಎಂದರ್ಥ. ಅದರ ಪಶ್ಚಿಮ ಭಾಗದ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ, ನಾನು ನೋಡಿಬಂದ ವಾಯ್ ರೆಬೊ ಇದೆ. ಇಡೀ ಊರಿಗೆ ಹಳೆಯ ಕಾಲದ ಮನೆಗಳು ಏಳೇ ಏಳು.

ಲಾಬುವಾನ್ ಬಾಜೊ ಬಂದರಿನಿಂದ ಕಾರಿನಲ್ಲಿ ಅರ್ಧ ದಿನ ಕುಲುಕಿಸಿಕೊಂಡು ಡೆಂಗೆ ಎಂಬ ಊರಿಗೆ ಹೋಗಬೇಕು. ಅಲ್ಲಿಂದ ಮುಂದೆ ಕಾಡಿನ ಕಾಲುದಾರಿ. ಮಳೆಕಾಡು, ಜಿಗಣೆ, ಹಳ್ಳ, ಏರು. ನಮ್ಮ ಕುಮಾರಪರ್ವತ ಹತ್ತಿದವರಿಗೆ ಹೊಸದೇನಲ್ಲ. ನನಗೆ ಮೂರು ಗಂಟೆ ಹಿಡಿಯಿತು. ನನ್ನ ಜೊತೆ ಬಂದ ಆ ಊರಿನ ಹುಡುಗ ಬೆನ್ನ ಮೇಲೆ ಅಕ್ಕಿಮೂಟೆ ಹೊತ್ತಿದ್ದ. ಅವನೊಬ್ಬನೇ ಆಗಿದ್ದರೆ ಅದರ ಅರ್ಧ ಹೊತ್ತಿಗೆ ತಲುಪುತ್ತಿದ್ದನಂತೆ! ಮೇಲೆ ಭತ್ತ ಬೆಳೆಯುವುದಿಲ್ಲ. ಹಾಗಾಗಿ ಅಕ್ಕಿ ಕೆಳಗಿನಿಂದ ಬೆನ್ನ ಮೇಲೆ ಏರುತ್ತದೆ, ಕಾಫಿ ಬೆನ್ನ ಮೇಲೆಯೇ ಇಳಿಯುತ್ತದೆ.

ಊರು ಕಣ್ಣಿಗೆ ಬೀಳುವ ಮೊದಲು ಒಂದು ಪುಟ್ಟ ಗುಡಿಸಲು. ಅಲ್ಲಿ ತೂಗುಹಾಕಿದ ಬಿದಿರನ್ನು ಹುಡುಗ ಟೊಕ್ ಟೊಕ್ ಎಂದು ಬಡಿದ. ಅತಿಥಿ ಬರುತ್ತಿದ್ದಾರೆ ಎಂಬ ಸುದ್ದಿ ಅದು. ಕೆಳಗೆ ನೋಡಿದೆ. ಸುತ್ತ ಬೆಟ್ಟ, ನಡುವೆ ಹಸಿರು ಅಂಗಳ, ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ಏಳು ದೊಡ್ಡ ಶಂಕುಗಳು. ಗದ್ದೆಯಲ್ಲಿ ಒಟ್ಟಿದ ಹುಲ್ಲುಬಣವೆಗೆ ಬಾಗಿಲಿಟ್ಟರೆ ಹೇಗೋ ಹಾಗೆ. ಈ ಮನೆಗೆ ‘ಬಾರು ನಿಯಾಂಗ್’ ಎನ್ನುತ್ತಾರೆ. ಸುಮಾರು 15 ಮೀಟರ್ ಎತ್ತರ, ಎಂದರೆ ನಾಲ್ಕು ಮಹಡಿಯ ಕಟ್ಟಡದಷ್ಟು. ಮಾಡು ತುದಿಯಿಂದ ನೆಲದವರೆಗೂ ಇಳಿದಿರುತ್ತದೆ, ಗೋಡೆಯೇ ಕಾಣುವುದಿಲ್ಲ. ಮರದ ಹಂದರವನ್ನು ಬೆತ್ತದಿಂದ ಬಿಗಿಯುತ್ತಾರೆ, ಮೊಳೆ ಹೊಡೆಯುವುದಿಲ್ಲ.

ಫೋಟೊ ತೆಗೆಯಲು ಕೈ ತುರಿಸುತ್ತಿತ್ತು. ಆದರೆ ಮೊದಲು ದೊಡ್ಡ ಮನೆಗೆ ಹೋಗಿ ಹಿರಿಯರ ಮುಂದೆ ಕೂರಬೇಕು. ಅವರು ಪೂರ್ವಜರಿಗೆ ತಮ್ಮ ಮಂಗ್ಗರಾಯ್ ಭಾಷೆಯಲ್ಲಿ, ಇಂಥವರು ದೂರದಿಂದ ಬಂದಿದ್ದಾರೆ, ಕಾಪಾಡಿ ಎಂದು ಅರಿಕೆ ಮಾಡುತ್ತಾರೆ. ಅಲ್ಲಿಗೆ ನಾವು ಹೊರಗಿನವರಲ್ಲ, ಮನೆಮಕ್ಕಳು. ಇಲ್ಲಿನವರು ಕ್ರೈಸ್ತರು, ಆದರೂ ಪೂರ್ವಜರನ್ನು ಬಿಟ್ಟಿಲ್ಲ. ‘ಎಂಪೊ’ ಎಂದರೆ ಅಜ್ಜ-ಅಜ್ಜಿಯೂ ಹೌದು, ಗತಿಸಿದ ಹಿರಿಯರೂ ಹೌದು. ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದು ನನಗೆ ಬಹಳ ಹಿಡಿಸಿತು.

ಮನೆಯೊಳಗೆ ಐದು ಅಂತಸ್ತು. ನೆಲದಲ್ಲಿ ಜನ. ಅಂಚಿನುದ್ದಕ್ಕೂ ಹಲಗೆಯಿಂದ ಬೇರ್ಪಡಿಸಿದ ಪುಟ್ಟ ಕೋಣೆಗಳು, ಒಂದೊಂದು ಸಂಸಾರಕ್ಕೆ ಒಂದೊಂದು. ಅದರ ಮೇಲಿನ ಅಟ್ಟದಲ್ಲಿ ದಿನಸಿ, ಮೂರನೆಯದರಲ್ಲಿ ಬಿತ್ತನೆ ಬೀಜ, ನಾಲ್ಕನೆಯದರಲ್ಲಿ ಬರಗಾಲಕ್ಕೆಂದು ಕೂಡಿಟ್ಟ ಧಾನ್ಯ, ತುತ್ತತುದಿಯಲ್ಲಿ ಪೂರ್ವಜರಿಗೆ ಎಡೆ. ಒಲೆ ಮನೆಯ ಮಧ್ಯದಲ್ಲೇ ಉರಿಯುತ್ತದೆ, ಹೊಗೆಗೆ ಚಿಮಣಿ ಇಲ್ಲ. ಕಣ್ಣು ಉರಿದು ನೀರು ಬಂತು. ಆದರೆ ಆ ಹೊಗೆ ಮೇಲೇರಿ ಮರಕ್ಕೂ ಹುಲ್ಲಿಗೂ ಹುಳ ಹಿಡಿಯದಂತೆ ಕಾಯುತ್ತದೆ. ಮಲೆನಾಡಿನ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಏನೇನು ಒಣಗುತ್ತಿತ್ತು ಎಂಬುದು ಅವರಿಗೆ ಗೊತ್ತು.

ಇಷ್ಟು ಅಚ್ಚುಕಟ್ಟಾದ ಊರು ಇಲ್ಲವಾಗುವ ಹಂತಕ್ಕೆ ಬಂದಿತ್ತು. 2008ರಲ್ಲಿ ಜಕಾರ್ತದ ವಾಸ್ತುಶಿಲ್ಪಿ ಯೋರಿ ಅಂತರ್ ಮತ್ತು ಗೆಳೆಯರು ಇಲ್ಲಿಗೆ ಹತ್ತಿ ಬಂದಾಗ ಏಳರಲ್ಲಿ ನಾಲ್ಕೇ ಮನೆ ನಿಂತಿದ್ದವು. ಹೊರಗಿನಿಂದ ಹಣ ಒದಗಿತು. ಕಟ್ಟಿದ್ದು ಮಾತ್ರ ಊರಿನವರೇ. ಹಿರಿಯರು ಹೇಳಿಕೊಟ್ಟರು, ಹುಡುಗರು ಕಟ್ಟಿದರು. ಹೀಗೆ ಮನೆಯ ಜೊತೆಗೆ ಕಟ್ಟುವ ವಿದ್ಯೆಯೂ ಉಳಿಯಿತು. 2011ಕ್ಕೆ ಏಳೂ ಮನೆಗಳು ಎದ್ದು ನಿಂತವು, 2012ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಯೂ ಬಂತು. ಅಂದಿನಿಂದ ಪ್ರವಾಸಿಗಳು ಬರುತ್ತಿದ್ದಾರೆ. ಅತಿಥಿಗಳಿಗೆಂದೇ ಮೀಸಲಾದ ಮನೆಯಲ್ಲಿ ಚಾಪೆಯ ಮೇಲೆ ಮಲಗಿ ರಾತ್ರಿ ಕಳೆದೆ. ಚಳಿ ಚೆನ್ನಾಗಿಯೇ ಇತ್ತು.

ಬೆಳಿಗ್ಗೆ ಅಂಗಳದ ತುಂಬ ಕಾಫಿ ಹರಡಿದ್ದರು. ಈ ಬೀಜಕ್ಕೂ ನಮಗೂ ಹಳೆಯ ನಂಟಿದೆ. 1690ರ ದಶಕದಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಸಸಿ ಒಯ್ದದ್ದು ನಮ್ಮ ಪಕ್ಕದ ಮಲಬಾರ್ ಕರಾವಳಿಯಿಂದ. ಮಾತಿನಲ್ಲೂ ನೆಂಟಸ್ತನ ಉಂಟು. ಇಂಡೊನೇಷ್ಯದ ಭಾಷೆಯಲ್ಲಿ ಶಿಕ್ಷಕರು ‘ಗುರು’, ಭಾಷೆ ‘ಬಹಾಸಾ’, ಹಳ್ಳಿ ‘ದೇಸಾ’. ಊರಿನ ಮುಖ್ಯಸ್ಥ ‘ಕೆಪಾಲಾ ದೇಸಾ’. ಆ ಕೆಪಾಲಾ ನಮ್ಮ ಕಪಾಲವೇ!

ಕಾಫಿ ಕೆದಕುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕುಳಿತೆ. ಮಕ್ಕಳೆಲ್ಲಿ ಎಂದು ಹುಡುಗನ ಮೂಲಕ ಕೇಳಿಸಿದೆ. ತೀರ ಚಿಕ್ಕವರನ್ನು ಬಿಟ್ಟರೆ ಯಾರೂ ಕಾಣುತ್ತಿರಲಿಲ್ಲ. ಅಜ್ಜಿ ಕೈಯಿಂದ ಕೆಳಗಿನ ಕಣಿವೆ ತೋರಿಸಿದರು. ಶಾಲೆ ಇರುವುದು ಕೆಳಗೆ. ವಯಸ್ಸಿಗೆ ಬಂದ ಮಕ್ಕಳು ಕೊಂಬೊ ಎಂಬ ಜೋಡಿ ಊರಿಗೆ ಇಳಿದು ನೆಂಟರ ಮನೆಯಲ್ಲಿದ್ದು ಓದುತ್ತಾರೆ. ಮನೆಗಳು ಏಳೇ ಇರಬೇಕೆಂಬ ಕಟ್ಟಳೆಯಿಂದಾಗಿ ಬೆಳೆದ ಸಂಸಾರಗಳೂ ಅಲ್ಲಿಗೇ ಹೋಗಿವೆ.

“ಮೊಮ್ಮಗ ಓದಿ ಬೇರೆ ಕಡೆ ಕೆಲಸಕ್ಕೆ ಹೋದರೆ?” ಎಂದೆ.

“ಓದಲಿ. ಹೋಗಲಿ. ಮಾಡು ಹೊದಿಸುವಾಗ ಬರಲಿ” ಎಂದರು ಅಜ್ಜಿ.

ಹುಡುಗನ ಲೆಕ್ಕ ಬೇರೆ. ಅವನು ಪಟ್ಟಣದಲ್ಲಿ ಓದಿ, ಇಂಗ್ಲಿಷ್ ಕಲಿತು ಹಿಂದಿರುಗಿದವನು. ಪ್ರವಾಸಿಗಳು ಬರುವುದರಿಂದಲೇ ತನಗೆ ಊರಲ್ಲಿ ಕೆಲಸ ಎಂದ. ರಸ್ತೆ ಬೇಡವೇ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದ. “ಕಾಯಿಲೆ ಬಿದ್ದವರನ್ನು ಹೊತ್ತು ಇಳಿಸುವಾಗ ಬೇಕು ಅನಿಸುತ್ತದೆ, ಅಣ್ಣ. ಆದರೆ ರಸ್ತೆ ಬಂದರೆ ಸಿಮೆಂಟೂ ಬರುತ್ತದೆ.” ಒಂದು ರಾತ್ರಿ ಉಳಿದು ಹೋಗುವ ನಾನು, ಹೀಗೇ ಇರಿ ಎಂದು ಹೇಳುವುದು ಸುಲಭ. ಮೂಟೆ ಹೊರುವವನು ಅವನು. ಹಾಗಾಗಿ ಬಾಯಿ ಬಿಡಲಿಲ್ಲ.

ಅಂದು ಶನಿವಾರ. ಮಧ್ಯಾಹ್ನ ನಾನು ಇಳಿಯುತ್ತಿದ್ದಾಗ ಕಾಡಿನ ತಿರುವಿನಲ್ಲಿ ನಗು ಕೇಳಿಸಿತು. ಏಳೆಂಟು ಮಕ್ಕಳು ಏರಿ ಬರುತ್ತಿದ್ದರು, ರಜೆಗೆ ಮನೆಗೆ. ಹೆಗಲಿಗೆ ಶಾಲೆಯ ಚೀಲ, ಕೈಯಲ್ಲಿ ಕಳಚಿದ ಚಪ್ಪಲಿ. ಎಲ್ಲರಿಗಿಂತ ಹಿಂದಿದ್ದ ಪುಟ್ಟ ಹುಡುಗಿಯ ತಲೆಯ ಮೇಲೆ ಒಂದು ಸಣ್ಣ ಅಕ್ಕಿಗಂಟು. ನಾನು ದಾರಿ ಬಿಟ್ಟು ಬದಿಗೆ ನಿಂತೆ.