ಹೆಪ್ಪುನೆಲ

ಸಂಚಿಕೆಗೊಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದಾಗ, ನಾನು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆಯುವೆನೆಂದೇ ಅವರು ಎಣಿಸಿದ್ದಿರಬೇಕು. ಆದರೆ ಕೆಲವು ತಿಂಗಳುಗಳಿಂದ ನನ್ನ ಮನಸ್ಸನ್ನು ಹಿಡಿದು ನಿಂತಿರುವುದು ಒಂದೇ ಒಂದು ಶಬ್ದ. ಸೈನ್ಯಕ್ಕೆ ಸೇರಿ ಲಡಾಖಿನ ಎತ್ತರದ ಠಾಣ್ಯದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಹೀಗೆ ಪತ್ರ ಬರೆದನು: "ಗುರುಗಳೇ, ಇಲ್ಲಿ ನಾವು ನೆಟ್ಟ ಕಂಬಗಳನ್ನು ಚಳಿಗಾಲದಲ್ಲಿ ನೆಲವೇ ಮೇಲಕ್ಕೆತ್ತುತ್ತದೆ; ಬೇಸಿಗೆಯಲ್ಲಿ ಅವು ವಾಲುತ್ತವೆ. ಅಡಿಯಲ್ಲಿರುವ ನೆಲಕ್ಕೆ ಇಂಗ್ಲಿಷಿನಲ್ಲಿ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು?"

"ನಿತ್ಯಹಿಮ" ಎಂಬ ಸಮಾಸವು ನಾಲಿಗೆಯ ತುದಿಯಲ್ಲೇ ಇದ್ದಿತು. ಆದರೆ ಲಕ್ಷಣವನ್ನು ಪರಿಶೀಲಿಸದೆ ನಾಮಕರಣ ಮಾಡುವುದು ಶಾಸ್ತ್ರ ಓದಿದವರಿಗೆ ಸಲ್ಲದು. ಕನಿಷ್ಠ 2 ವರ್ಷ ಎಡೆಬಿಡದೆ 0 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿನ ಉಷ್ಣತೆಯಲ್ಲಿರುವ ಮಣ್ಣು ಅಥವಾ ಬಂಡೆ, ಇದು ವಿಜ್ಞಾನಿಗಳ ಲಕ್ಷಣ. 2 ವರ್ಷವೆಲ್ಲಿ, ನಿತ್ಯತ್ವವೆಲ್ಲಿ! ಹಿಮವೆಂದೊಡನೆಯೋ ಮೇಲೆ ಬಿದ್ದ ಬಿಳುಪು ಕಣ್ಣಿಗೆ ಕಟ್ಟುತ್ತದೆ. ಇದಾದರೋ ನೆಲದೊಳಗಿನ ಸ್ಥಿತಿ. ಕಡೆಗೆ ನೆರವಾದದ್ದು ಅಡುಗೆಮನೆಯ ಮಾತು: ಹೆಪ್ಪು. "ಹೆಪ್ಪುನೆಲ" ಎಂದು ಬರೆದು ಕಳುಹಿಸಿದೆನು. ಮೊಸರು ಮರಳಿ ಹಾಲಾಗದು, ಈ ನೆಲ ಮಾತ್ರ ಮರಳಿ ಕೆಸರಾಗುತ್ತದೆ. ಉಪಮಾನವು ಅಷ್ಟರಮಟ್ಟಿಗೆ ಸೋಲುವುದು.

ಕಂಬವೇಳುವ ಬಗೆಯೂ ಸ್ವಾರಸ್ಯವಾದುದು. ಹೆಪ್ಪುನೆಲದ ಮೇಲಿನ ಪದರ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುವುದು. ಆಗ ನುಣುಪು ಮಣ್ಣು ಕೆಳಗಿನ ನೀರನ್ನು ಎಳೆದುಕೊಂಡು, ನಡುನಡುವೆ ಮಂಜುಗಡ್ಡೆಯ ಹಾಳೆಗಳನ್ನು ಬೆಳೆಸುತ್ತದೆ. ಅವು ನೆಲವನ್ನೂ ಕಂಬವನ್ನೂ ಎತ್ತುತ್ತವೆ. ಕಡಿದಾದ ಶಿಖರಗಳಲ್ಲಿ ಬಂಡೆಯ ಬಿರುಕುಗಳನ್ನು ಬೆಸೆದು ಹಿಡಿದಿರುವುದು ಈ ಮಂಜುಗಡ್ಡೆಯೇ. ಕಾವೇರಿದರೆ ಬೆಸುಗೆ ಸಡಿಲವಾಗುವುದು. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ರೋಂಟಿ ಶಿಖರದ ಪಾರ್ಶ್ವದಿಂದ ಸುಮಾರು 2.7 ಕೋಟಿ ಘನಮೀಟರಿನಷ್ಟು ಬಂಡೆ ಮತ್ತು ಮಂಜುಗಡ್ಡೆ ಕಳಚಿ ಬಿದ್ದು, ಋಷಿಗಂಗಾ ಕಣಿವೆಯಲ್ಲಿ ಪ್ರವಾಹವಾಗಿ ನುಗ್ಗಿತು. 200ಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರು. ಹೆಪ್ಪುಗಟ್ಟಿದ ಬಂಡೆಯ ಉಷ್ಣತೆಯಲ್ಲಾದ ಬದಲಾವಣೆಯೂ ಕಾರಣಗಳಲ್ಲೊಂದಾಗಿರಬಹುದೆಂದು ವಿಜ್ಞಾನಿಗಳು ಶಂಕಿಸಿದ್ದಾರೆ.

ಇದನ್ನೋದಿದಾಗ ನನ್ನ ಹುಟ್ಟೂರು ಕಲ್ಲುಗುಂಡಿ ನೆನಪಾಯಿತು. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಘಟ್ಟದ ಬುಡದಲ್ಲಿ, ಪಯಸ್ವಿನಿಯ ದಡದಲ್ಲಿರುವ ಆ ಊರಿಗೆ ಮಂಜುಗಡ್ಡೆಯ ಪರಿಚಯವಿಲ್ಲ. ಅಲ್ಲಿ ಗುಡ್ಡವನ್ನು ಹಿಡಿದಿರುವುದು ಬೇರು, ಬಿಡಿಸುವುದು ನೀರು. 2018ರ ಆಗಸ್ಟ್ 17ರಂದು ಮೇಲಿನ ಜೋಡುಪಾಲದಲ್ಲಿ ಗುಡ್ಡ ಜರಿದು ಮನೆಗಳು ಕೊಚ್ಚಿಹೋದವು, ಪ್ರಾಣಹಾನಿಯಾಯಿತು. ಉಳಿದವರು ಉಟ್ಟ ಬಟ್ಟೆಯಲ್ಲೇ ಇಳಿದು ಬಂದರು. ಅವರಿಗೆ ಕಲ್ಲುಗುಂಡಿ, ಸಂಪಾಜೆ, ಅರಂತೋಡುಗಳಲ್ಲಿ ಆಶ್ರಯ ದೊರೆಯಿತು. ಆ ವರ್ಷ ಕೊಡಗಿನಲ್ಲಾದ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು, ವಿಪರೀತ ಮಳೆಯೊಡನೆ ಇಳಿಜಾರನ್ನು ಕಡಿದು ರಸ್ತೆ, ಮನೆ ಮಾಡಿದುದನ್ನೂ ಕಾರಣವೆಂದು ಎಣಿಸಿದರು.

ಹಾಗೆ ಕಡಿದ ಮಣ್ಣಿನ ಗೋಡೆಗೆ ನಮ್ಮ ಕಡೆ "ಬರೆ" ಎನ್ನುವರು. ಘಟ್ಟದ ಮೇಲಿನವರಿಗೆ ಬರೆಯೆಂದರೆ ಕಾಸಿ ಎಳೆಯುವ ಬರೆ, ಇಲ್ಲವೆ ಕೈಬರಹ. ನಮ್ಮ ತಾಯಂದಿರು ಮಾತ್ರ ಆಷಾಢದ ರಾತ್ರಿಗಳಲ್ಲಿ ಮನೆಯ ಹಿಂದಿನ ಬರೆಗೆ ಕಿವಿಗೊಟ್ಟು ಮಲಗುತ್ತಿದ್ದರು.

ಮೊನ್ನೆ ಅವನಿಗೆ ಎರಡನೆಯ ಪತ್ರ ಬರೆದು, ಈ ಶಬ್ದದ ಅರ್ಥವನ್ನೂ ವಿವರಿಸಿದ್ದೇನೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೇನೆ: "ನೀನು ಮಲಗುವ ಠಾಣ್ಯದ ಹಿಂದೆ ಬರೆಯುಂಟೇ, ಮಗು?" ಉತ್ತರ ಬರಬೇಕಾಗಿದೆ.