ಕೊಳತ್ತೂರಿನಿಂದ ಬಂದ ಅತಿಥಿಗಳು

ಚೆನ್ನೈಗೆ ಬಂದ ನೆಂಟರನ್ನು ನಾವು ಮೈಲಾಪುರದ ಗುಡಿಗೆ ಕರೆದೊಯ್ಯುತ್ತೇವೆ, ಮರೀನಾ ಕಡಲತೀರದಲ್ಲಿ ಗಾಳಿ ಸೇವನೆ ಮಾಡಿಸುತ್ತೇವೆ. ಕೊಳತ್ತೂರಿಗೆ ಮಾತ್ರ ಯಾರನ್ನೂ ಕರೆದೊಯ್ದಿರಲಿಲ್ಲ; ನಾವೇ ಅದನ್ನು ಕಂಡಿರಲಿಲ್ಲ. ಮಗಳ ಹಟಕ್ಕೆ ಮಣಿದು, ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ, ಸೆಂಟ್ರಲ್ ಬಳಿ ಲೋಕಲ್ ರೈಲು ಹತ್ತಿ, ಪೆರಂಬೂರನ್ನು ದಾಟಿ ವಿಲ್ಲಿವಾಕ್ಕಮ್‌ನಲ್ಲಿ ಇಳಿದೆವು. ಅಲ್ಲಿಂದ ಆಟೋ.

ಊರಿನ ಹೆಸರಿನಲ್ಲೇ ಕನ್ನಡದ ಕಿವಿಗೆ 'ಕೊಳ' ಕೇಳಿಸುತ್ತದೆ. ನಮಗೆ ಕೊಳ ಕಾಣಲಿಲ್ಲ. ಕಂಡದ್ದೆಲ್ಲ ಗಾಜಿನ ತೊಟ್ಟಿಗಳು. ಬಣ್ಣದ ಮೀನಿನ ವ್ಯಾಪಾರಕ್ಕೆ ಹೆಸರಾದ ಬಡಾವಣೆಯಿದು. ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನುಗಳು ತೋರಣದಂತೆ ತೂಗಾಡುತ್ತಿದ್ದವು. ಮಗಳು ಮಾತ್ರ ಒಂದು ಮೂಲೆಯ ತೊಟ್ಟಿಯ ಮುಂದೆ ನಿಂತವಳು ಕದಲಲೇ ಇಲ್ಲ. ಹಸಿರು ಪಾಚಿಯ ಮೇಲೆ ಅಂಗುಲಕ್ಕಿಂತ ಕಿರಿದಾದ, ಕುಂಕುಮದ ಬಣ್ಣದ ಸಿಗಡಿಗಳು ಪುಟ್ಟ ಕೈಗಳಿಂದ ಏನನ್ನೋ ಹೆಕ್ಕಿ ಹೆಕ್ಕಿ ತಿನ್ನುತ್ತಿದ್ದವು.

"ಚೆರ್ರಿ ಸಿಗಡಿ, ಅಮ್ಮಾ. ತೈವಾನ್, ಚೀನಾ ಕಡೆಯದು. ಕಾಡಿನಲ್ಲಿ ಇದರ ಬಣ್ಣ ಮಣ್ಣಿನದು, ಕೆಂಪಾದದ್ದನ್ನೇ ಆರಿಸಿ ಆರಿಸಿ ಬೆಳೆಸಿ ಹೀಗಾಗಿದೆ" ಎಂದರು ಅಂಗಡಿಯ ಹಿರಿಯರು. ಆದರೆ ಅಂದು ಅವರು ಸಿಗಡಿ ಕೊಡಲೊಲ್ಲರು! ತೊಟ್ಟಿ, ಪಾಚಿ, ನೀರು ಸೋಸುವ ಸ್ಪಂಜು ಇಷ್ಟನ್ನೇ ಕೊಟ್ಟು, "ಒಂದು ತಿಂಗಳು ನೀರು ಹದವಾಗಲಿ. ಕೊಳೆಯ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಬೆಳೆಯಬೇಕು" ಎಂದರು. ಕೈಗೆ ಬಂದ ವ್ಯಾಪಾರವನ್ನು ಮುಂದಕ್ಕೆ ಹಾಕುವ ವ್ಯಾಪಾರಿಯನ್ನು ನಾವು ಕಂಡದ್ದು ಅದೇ ಮೊದಲು.

ಆಗಸ್ಟ್ ಕೊನೆಯಲ್ಲಿ ಹತ್ತು ಸಿಗಡಿಗಳು ಮನೆಗೆ ಬಂದವು. ಆಗ ತೀರ್ಥಹಳ್ಳಿಯಿಂದ ನಮ್ಮ ಅತ್ತೆಯವರೂ ಬಂದಿದ್ದರು. "ಸಿಗಡಿಯೇ? ನಮ್ಮ ಮನೆಯೊಳಗೇ?" ಎಂದು ಮೊದಲ ದಿನ ಸೆರಗು ಮುಚ್ಚಿಕೊಂಡು ದೂರ ಸರಿದರು. ಎರಡನೆಯ ದಿನ ಕನ್ನಡಕ ತರಿಸಿಕೊಂಡರು. ಭಾಷೆ ತಿಳಿಯದ ಊರಿನ ಮೂರನೆಯ ಮಹಡಿಯಲ್ಲಿ ಅವರಿಗೂ ಬೇರೆ ಹೊತ್ತುಗಳೆವಿರಲಿಲ್ಲ. ಮೊಮ್ಮಗಳೋ ಶಾಲೆಯ ಇಂಗ್ಲಿಷು, ಬೀದಿಯ ತಮಿಳಿನಲ್ಲೇ ಮುಳುಗಿದವಳು.

ಮೂರು ವಾರದಲ್ಲಿ ಸಿಗಡಿಗಳು ಒಂದೊಂದಾಗಿ ಸತ್ತವು. ಮಗಳ ಅಳು ನಿಲ್ಲಲಿಲ್ಲ. ಕಾರಣ ಕೇಳಲು ಅತ್ತೆಯವರನ್ನೂ ಕರೆದುಕೊಂಡು ಮತ್ತೆ ಕೊಳತ್ತೂರಿಗೆ ಹೋದೆವು. ಹಿರಿಯರು ಕೇಳಿದ ಮೊದಲ ಪ್ರಶ್ನೆ: "ಆರಿದ ನೀರನ್ನು ತುಂಬುವುದು ಯಾವ ಪಾತ್ರೆಯಿಂದ?"

ನಾವು ಮುಖ ಮುಖ ನೋಡಿಕೊಂಡೆವು. ಅತ್ತೆಯವರೇ ಮೆಲ್ಲನೆ, "ತಾಮ್ರದ ಚೊಂಬಿನಿಂದ" ಎಂದರು. ರಾತ್ರಿಯೆಲ್ಲ ತಾಮ್ರದಲ್ಲಿಟ್ಟ ನೀರು ಶುದ್ಧವೆಂದು, ಊರಿನಿಂದ ತಂದ ತಮ್ಮ ಚೊಂಬಿನ ನೀರನ್ನೇ ದಿನವೂ ಪ್ರೀತಿಯಿಂದ ಎರೆಯುತ್ತಿದ್ದರಂತೆ. ಸಿಗಡಿಯ ರಕ್ತದಲ್ಲೇ ತಾಮ್ರವುಂಟು. ಆದರೂ ನೀರಿನಲ್ಲಿ ಅದು ತುಸು ಹೆಚ್ಚಿದರೆ ಆ ಜೀವಕ್ಕೆ ವಿಷ. ನೀರು ಆವಿಯಾಗಿ ಹೋಗುತ್ತದೆ, ತಾಮ್ರ ತೊಟ್ಟಿಯಲ್ಲೇ ಉಳಿದು ದಿನದಿನಕ್ಕೂ ಕೂಡುತ್ತದೆ.

ಹಿಂದಿರುಗುವಾಗ ರೈಲಿನಲ್ಲಿ ಯಾರೂ ಮಾತನಾಡಲಿಲ್ಲ. ಮನೆ ತಲುಪಿದೊಡನೆ ಅತ್ತೆಯವರು, "ನನಗೆ ಊರಿಗೆ ಟಿಕೆಟ್ ತೆಗೆಸಿಬಿಡಿ" ಎಂದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಪ್ಲಾಸ್ಟಿಕ್ ಬಕೆಟ್ ತಂದು ಅವರ ಮುಂದಿಟ್ಟಳು. "ಇನ್ನು ಮೇಲೆ ಇದರಲ್ಲಿ ಹಾಕು, ಅಜ್ಜಿ" ಎಂದಳು. ಟಿಕೆಟ್ಟಿನ ಮಾತು ಅಲ್ಲಿಗೆ ನಿಂತಿತು.

ತೊಟ್ಟಿಯನ್ನು ಬರಿದುಮಾಡಿ ತೊಳೆದು, ಪಾಚಿ, ಸ್ಪಂಜುಗಳನ್ನೂ ಹೊಸದಾಗಿ ತಂದು, ಒಂದು ದಿನ ತೆರೆದಿಟ್ಟು ಕ್ಲೋರಿನ್ ಕಳೆದ ನಲ್ಲಿಯ ನೀರನ್ನು ತುಂಬಿದೆವು. ಆರು ವಾರ ಕಾದೆವು. ನವೆಂಬರಿನಲ್ಲಿ ಮತ್ತೆ ಹತ್ತು ಬಂದವು. ಡಿಸೆಂಬರಿನಲ್ಲಿ ಒಂದು ಹೆಣ್ಣಿನ ಹೊಟ್ಟೆಯಡಿ ಇಪ್ಪತ್ತಕ್ಕೂ ಮಿಕ್ಕ ಹಳದಿ ಮೊಟ್ಟೆಗಳು ಕಂಡವು. ಅದು ಕಾಲಾಡಿಸಿ ಅವಕ್ಕೆ ಸದಾ ಗಾಳಿ ಹಾಕುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ, ಎಳ್ಳಿಗಿಂತ ಕೊಂಚ ದೊಡ್ಡ ಮರಿಗಳು, ರೂಪದಲ್ಲಿ ತಾಯಿಯಂತೆಯೇ, ಪಾಚಿಯ ಮೇಲೆ ನಡೆದಾಡಿದವು. ಅಜ್ಜಿ ಮೊಮ್ಮಗಳು ತಲೆಗೆ ತಲೆ ತಾಗಿಸಿ ಎಣಿಸಿದರು: ಹನ್ನೊಂದು, ಹನ್ನೆರಡು, ಹದಿಮೂರು... ಮಗಳು ಕನ್ನಡದಲ್ಲಿ ಹತ್ತರಾಚೆ ಎಣಿಸಿದ್ದು ಅಂದೇ.

ಸಾಕಬಯಸುವ ಬಂಧುಗಳಿಗೆ ಎರಡು ಮಾತು. ಸಿಗಡಿ ಕಳಚಿದ ಚಿಪ್ಪನ್ನು ತೆಗೆಯಬೇಡಿ. ಅದರ ಸುಣ್ಣ ಅವಕ್ಕೇ ಬೇಕು. ಮೀನುಗಳ ಜೊತೆ ಬಿಟ್ಟರೆ ಮರಿಗಳು ಉಳಿಯವು. ಮೇ ತಿಂಗಳಲ್ಲಿ ನೀರು ಮೂವತ್ತು ಡಿಗ್ರಿ ದಾಟದಂತೆ ಪುಟ್ಟ ಫ್ಯಾನಿನ ಗಾಳಿ ನೀರಿನ ಮೇಲಾಡಲಿ. ಹೆಚ್ಚಾದವೆಂದು ಕೆರೆಗೆ ಬಿಡಬೇಡಿ. ಹೊರಗಿನ ಜೀವ ಅಲ್ಲಿನ ಜೀವಗಳಿಗೆ ಕಂಟಕವಾದೀತು.

ನಮ್ಮಲ್ಲಿ ಈಗ ಅವು ಬೇಕಾದಷ್ಟಿವೆ. ಯುಗಾದಿಗೆ ಬಂದವರಿಗೆ ಬೇವುಬೆಲ್ಲದ ಜೊತೆ ಹತ್ತು ಸಿಗಡಿಯನ್ನೂ ಕೊಡುತ್ತೇವೆ. ಬರುವಾಗ ಪಾತ್ರೆ ತನ್ನಿ. ತಾಮ್ರದ್ದು ಮಾತ್ರ ಬೇಡ.